ಹೂ ಬರೆದ ಮಲ್ಲೆ ಲೇಯಿಸ್

ನಮ್ಮ ಕಾಲೇಜಿನ ಚಿತ್ರಕಲಾ ವಿಭಾಗದಲ್ಲಿ ಹೂವಿನ ಚಿತ್ರ ಅಂದರೆ ಮೊದಲ ವರ್ಷದವರ ಕೆಲಸ. ಚೊಂಬಿನಲ್ಲಿ ನಾಲ್ಕು ಸೇವಂತಿಗೆ ಇಟ್ಟು ಬರೆಸುತ್ತಿದ್ದರು. ಎರಡನೇ ವರ್ಷಕ್ಕೆ ಬಂದವರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಜಲವರ್ಣ ಕಲಿಸುತ್ತಿದ್ದ ಮೇಡಂ ಮಾತ್ರ "ಹೂವು ಬಿಡಬೇಡ್ರೋ, ಕೈ ಪಳಗೋದು ಅಲ್ಲೇ" ಅನ್ನುತ್ತಿದ್ದರು. ಮುಂದೆ ಓದಲು ಯುರೋಪಿನ ಪುಟ್ಟ ದೇಶ ಎಸ್ಟೋನಿಯಾಕ್ಕೆ ಹೋದಾಗ ಮಲ್ಲೆ ಲೇಯಿಸ್ ಅವರ ಚಿತ್ರಗಳನ್ನು ನೋಡಿದೆ. ಜೀವನವಿಡೀ ಹೂವು ಬರೆದ ಕಲಾವಿದೆ ಅವರು.

ಹುಟ್ಟಿದ್ದು 1940ರಲ್ಲಿ, ವಿಲ್ಯಾಂಡಿ ಎಂಬ ಊರಿನಲ್ಲಿ. ಅದೇ ವರ್ಷ ಸೋವಿಯತ್ ಒಕ್ಕೂಟ ಆ ದೇಶವನ್ನು ನುಂಗಿ ಹಾಕಿತು. ರಾಜಧಾನಿ ಟ್ಯಾಲಿನ್‌ನ ಸರ್ಕಾರಿ ಕಲಾ ಸಂಸ್ಥೆಯಲ್ಲಿ ರಂಗವಿನ್ಯಾಸ ಓದಿ 1967ರಲ್ಲಿ ಹೊರಬಂದರು. ಅಲ್ಲಿ ಓದುತ್ತಿದ್ದಾಗಲೇ 'ಆಂಕ್ 64' ಎಂಬ ಕಲಾವಿದರ ಗುಂಪಿನಲ್ಲಿದ್ದರು. ಟೋನಿಸ್ ವಿಂಟ್ ಅದರ ಮುಂದಾಳು. ಈಗ ಕಾಲೇಜಿನಲ್ಲಿರುವವರಿಗೆ ಇದನ್ನು ಒತ್ತಿ ಹೇಳಬೇಕು: ಇವತ್ತು ಎಸ್ಟೋನಿಯಾದ ಕಲೆಯ ಚರಿತ್ರೆಯಲ್ಲಿ ಹೆಸರಿರುವ ಆ ಗುಂಪನ್ನು 1964ರಲ್ಲಿ ಕಟ್ಟಿದ್ದು ನಿಮ್ಮಂಥ ವಿದ್ಯಾರ್ಥಿಗಳೇ.

ಆಗ ಸೋವಿಯತ್ ಸರ್ಕಾರಕ್ಕೆ ಚಿತ್ರಗಳಲ್ಲಿ ಬೇಕಿದ್ದದ್ದು ಕಾರ್ಖಾನೆ, ಕಾರ್ಮಿಕರು, ಕಟ್ಟುವ ಕೆಲಸ. ಮಲ್ಲೆ ಹೂವು, ಹಣ್ಣು, ತರಕಾರಿ ಬರೆದರು. ಬರೆಯುತ್ತಲೇ ಹೋದರು. ನನಗೆ ಇದು ದೊಡ್ಡ ಧೈರ್ಯ ಅನಿಸುತ್ತದೆ. ಜಗಳ ಆಡದೆ, ಯಾರ ಅಪ್ಪಣೆಗೂ ಕಾಯದೆ ತನಗೆ ಬೇಕಾದ್ದನ್ನೇ ಮಾಡುವುದು ಸುಮ್ನೆ ಅಲ್ಲ.

ತೈಲವರ್ಣ, ಸ್ಕ್ರೀನ್ ಪ್ರಿಂಟ್, ಜಲವರ್ಣ ಮೂರರಲ್ಲೂ ಕೆಲಸ ಮಾಡಿದರು. ನನಗೆ ಜಾಸ್ತಿ ಇಷ್ಟ ಜಲವರ್ಣ. ಅವರ ಹೂವಿಗೆ ಹೂದಾನಿ ಇಲ್ಲ, ಮೇಜಿಲ್ಲ, ಕಾಲೂರಲು ನೆಲವೂ ಇಲ್ಲ. ಖಾಲಿ ಹಿನ್ನೆಲೆಯಲ್ಲಿ, ಬರಿಯ ರಂಗದ ಮೇಲೆ ಬೆಳಕಿಗೆ ಬಂದು ನಿಂತ ನಟಿಯ ಹಾಗೆ, ಹೂವೊಂದೇ. ರಂಗವಿನ್ಯಾಸದ ಓದು ಇಲ್ಲಿ ಕೈ ಹಿಡಿದಿದೆ ಅಂತ ನನ್ನ ಎಣಿಕೆ. ಎಸಳಿನ ಅಂಚು ಕತ್ತರಿಸಿಟ್ಟಷ್ಟು ಚೊಕ್ಕ. ಜಲವರ್ಣ ಹಿಡಿದವರಿಗೆ ಗೊತ್ತು ಅದರ ಕಷ್ಟ. ಮೊದಲ ಪದರ ಒಣಗುವ ಮುಂಚೆ ಇನ್ನೊಂದು ಹಚ್ಚಿದರೆ ಅಂಚು ಹರಡುತ್ತದೆ. ಬಿಳಿ ಬೇಕಾದ ಕಡೆ ಕಾಗದವನ್ನೇ ಉಳಿಸಿಕೊಳ್ಳಬೇಕು, ಆಮೇಲೆ ತರಲಾಗದು. ಎಲ್ಲಿ ಕುಂಚ ತಗುಲಿಸಬಾರದು ಎಂಬುದು ಮೊದಲೇ ತಲೆಯಲ್ಲಿರಬೇಕು.

ಅಲ್ಲಿಯವರಿಗೆ ಹೂವಿನ ಮೇಲೆ ಬಲು ಪ್ರೀತಿ. ಸೆಪ್ಟೆಂಬರ್ 1ರಂದು ಶಾಲೆ ಶುರುವಾದಾಗ ಮಕ್ಕಳು ಟೀಚರಿಗೆ ಕೊಡಲು ಉದ್ದುದ್ದ ಗ್ಲಾಡಿಯೋಲಸ್ ಹಿಡಿದು ಹೋಗುತ್ತಾರೆ. ಶುಭಕ್ಕೆ ಕೊಡುವ ಹೂವು ಬೆಸ ಸಂಖ್ಯೆಯಲ್ಲಿರಬೇಕು. ಸರಿ ಸಂಖ್ಯೆ ಸಾವಿನ ಮನೆಗೆ. ಅಂಥ ಊರಿನವರು ಈ ಚಿತ್ರಗಳ ಮುಂದೆ ನಿಂತು ನೋಡುವ ರೀತಿಯೇ ಬೇರೆ.

ಮಲ್ಲೆ 2017ರಲ್ಲಿ ತೀರಿಕೊಂಡರು. ನಾರ್ಟನ್ ಡಾಡ್ಜ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಸೋವಿಯತ್ ನಾಡಿನಲ್ಲಿ ಸರ್ಕಾರದ ದಾರಿ ಬಿಟ್ಟು ನಡೆದವರ ಸಾವಿರಾರು ಕೃತಿಗಳನ್ನು ಕೂಡಿಸಿದರು. ಆ ಸಂಗ್ರಹ ಈಗ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಜಿಮರ್ಲಿ ಮ್ಯೂಸಿಯಂನಲ್ಲಿದೆ. ಮಲ್ಲೆ ಅವರ ಕೃತಿಗಳೂ ಅದರಲ್ಲಿವೆ. ನಮ್ಮ ಕಾಲೇಜಿನಲ್ಲಿ ಓದಿದವರು ಅಮೆರಿಕದ ಆ ಕಡೆ ಬೇಕಾದಷ್ಟು ಜನ ಇದ್ದೀರಿ, ಅಲ್ವಾ? ಪ್ರದರ್ಶನಕ್ಕೆ ಇಟ್ಟಿದ್ದಾರಾ ಅಂತ ಮೊದಲೇ ವಿಚಾರಿಸಿಕೊಂಡು ಒಂದು ಭಾನುವಾರ ಹೋಗಿ ಬನ್ನಿ. ಆದಷ್ಟು ಹತ್ತಿರ ನಿಂತು ಆ ಅಂಚುಗಳನ್ನು ನೋಡಿ.