ಮಾದರಿ ರೈಲು ಪ್ರದರ್ಶನಕ್ಕೆ ಹೊರಡುವ ಮುನ್ನ ಮನೆಯ ಜಾಗ ಅಳೆದುಕೊಳ್ಳಿ

ಪ್ರದರ್ಶನಕ್ಕೆ ಹೋಗುವಾಗ ಜೇಬಿನಲ್ಲಿ ಅಳತೆ ಟೇಪು, ಪುಟ್ಟ ಟಾರ್ಚು, ಜೊತೆಗೆ ಲೇಔಟ್ (ಹಳಿ, ದೃಶ್ಯ ಕೂಡಿಸಿ ಮೇಜಿನ ಮೇಲೆ ಕಟ್ಟುವ ಪುಟ್ಟ ರೈಲು ಲೋಕ) ಹಾಕಬೇಕೆಂದಿರುವ ಜಾಗದ ಅಳತೆ ಬರೆದ ಚೀಟಿ ಇರಲಿ. ಚೀಟಿ ಇಲ್ಲದಿದ್ದರೆ ಕಂಡದ್ದೆಲ್ಲ ಬೇಕೆನಿಸುತ್ತದೆ, ಮನೆಗೆ ತಂದಮೇಲೆ ಮೇಜು ಸಾಲುವುದಿಲ್ಲ.

ಬಾಗಿಲು ತೆರೆಯುವ ಹೊತ್ತಿಗೇ ತಲುಪುವುದು ಒಳ್ಳೆಯದು. ಜನ ಸೇರುವ ಮೊದಲು ಲೇಔಟ್ ನಡೆಸುವವರಿಗೆ ಮಾತಾಡಲು ಬಿಡುವಿರುತ್ತದೆ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ಸ್ಕೇಲ್‌ಗಳನ್ನಷ್ಟೇ, ಅಂದರೆ ನಿಜವಾದ ರೈಲಿಗಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಎಂಬುದನ್ನಷ್ಟೇ, ಹೋಲಿಸಿ ನೋಡಿ. ಎಚ್‌ಒ ಅಂದರೆ 1:87, ಎನ್ ಅಂದರೆ 1:160. 26 ಮೀಟರ್ ಉದ್ದದ ಬೋಗಿ ಎಚ್‌ಒದಲ್ಲಿ ಸುಮಾರು 30 ಸೆಂ.ಮೀ., ಎನ್‌ನಲ್ಲಿ 16 ಸೆಂ.ಮೀ. ಆಗುತ್ತದೆ. ಎಂಜಿನ್ ಮತ್ತು ಆರು ಬೋಗಿಯ ಎಚ್‌ಒ ಗಾಡಿ ನಿಲ್ಲಲು ಎರಡು ಮೀಟರಿಗೂ ತುಸು ಹೆಚ್ಚು ನೇರ ಹಳಿ ಬೇಕು. ಇಷ್ಟು ಜಾಗ ಚೀಟಿಯಲ್ಲಿದೆಯೇ?

ನಮ್ಮ ಪ್ರಕಾರ ಕಲಿಯುವುದು ಹೆಚ್ಚಿರುವುದು ಮೇಜಿನ ಮೇಲಲ್ಲ, ಕೆಳಗೆ. ಅನುಮತಿ ಕೇಳಿ ಟಾರ್ಚು ಹಾಕಿ ನೋಡಿ. ಉದ್ದಕ್ಕೂ ವಿದ್ಯುತ್ ಒಯ್ಯುವ ಒಂದು ಜೊತೆ ದಪ್ಪ ತಂತಿ ಹಾದು, ಅದರಿಂದ ಸುಮಾರು ಮೀಟರಿಗೊಂದರಂತೆ ಸಣ್ಣ ತಂತಿಗಳು ಹಳಿಗೆ ಬೆಸುಗೆಯಾಗಿರುತ್ತವೆ. ಹಳಿ ಕೂಡಿಸುವ ಜಾಯ್ನರ್‌ಗಳನ್ನೇ ವಿದ್ಯುತ್ತಿಗೆ ನಂಬಿದರೆ ಅವು ಸಡಿಲವಾಗಿ, ಕಿಲುಬು ಹಿಡಿದು, ದೂರದ ತುದಿಯಲ್ಲಿ ಗಾಡಿ ನಿಧಾನವಾಗುತ್ತದೆ.

ಹಾಗೆಯೇ ಎರಡು ಮಾಡ್ಯೂಲ್ (ಜೋಡಿಸಿ ಲೇಔಟ್ ಮಾಡುವ ಬಿಡಿ ತುಂಡು) ಕೂಡುವ ಜಾಗ ಬಿಡದೆ ನೋಡಿ, ಗಾಡಿ ಹಳಿ ತಪ್ಪುವುದು ಹೆಚ್ಚಾಗಿ ಅಲ್ಲೇ. ಎನ್ ಸ್ಕೇಲ್‌ನ ಟಿ-ಟ್ರ್ಯಾಕ್ ಪದ್ಧತಿಯಲ್ಲಿ ಒಂಟಿ ಮಾಡ್ಯೂಲಿನ ಪೆಟ್ಟಿಗೆ 308 ಮಿ.ಮೀ., ಮೇಲಿನ ಹಳಿ 310 ಮಿ.ಮೀ. ಎರಡೂ ತುದಿಯಲ್ಲಿ 1 ಮಿ.ಮೀ. ಚಾಚಿರುವುದರಿಂದ ಮರಕ್ಕೆ ಮರ ತಾಗುವ ಮೊದಲೇ ಹಳಿಗೆ ಹಳಿ ಕೂಡುತ್ತದೆ. ಎಷ್ಟು ಸರಳ, ಎಷ್ಟು ಚೆಂದದ ಯೋಚನೆ! ಜಾಗ ಕಡಿಮೆ ಇರುವವರು ಇಂಥ ಒಂದೇ ಪೆಟ್ಟಿಗೆಯಿಂದ ಶುರು ಮಾಡಬಹುದು.

ದೃಶ್ಯಾವಳಿಯಲ್ಲಿ ಇಡೀ ಊರನ್ನು ನಕಲು ಮಾಡಲು ಹೋಗದೆ, ಅಂಗೈಯಗಲದ ಒಂದು ಮೂಲೆ ಆರಿಸಿ ಹೇಗೆ ಮಾಡಿದರೆಂದು ಕೇಳಿ. 2 ಮತ್ತು 4 ಮಿ.ಮೀ. ಉದ್ದದ ಎಳೆ, ಎರಡು ಮೂರು ಬಣ್ಣ ಬೆರೆಸಿದ ಕೃತಕ ಹುಲ್ಲು ನಿಜವೆನಿಸುತ್ತದೆ. ಒಂದೇ ಬಣ್ಣವಾದರೆ ಜಮಖಾನೆ ಹಾಸಿದಂತೆ. ಹಳಿ ನಡುವಿನ ಜಲ್ಲಿಗೆ ಅಂಟು ಹಾಕುವ ಮುನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ ನೆನೆಸಬೇಕು, ಇಲ್ಲವಾದರೆ ಅಂಟು ಮೇಲೆಯೇ ಗುಂಡಗೆ ನಿಂತು ಜಲ್ಲಿ ತೇಲಿಬಿಡುತ್ತದೆ. ಫೋಟೊ ತೆಗೆಯುವಾಗ ಫ್ಲ್ಯಾಶ್ ಬೇಡ. ಕ್ಯಾಮೆರಾವನ್ನು ಹಳಿಯ ಮಟ್ಟಕ್ಕೆ ಇಳಿಸಿ.

ಹಳೆಯ ಎಂಜಿನ್ ಕೊಳ್ಳುವುದಾದರೆ ಪರೀಕ್ಷಾ ಹಳಿಯ ಮೇಲೆ ಅತಿ ನಿಧಾನವಾಗಿ ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡಿ. ಗಾಲಿ ಸುತ್ತಿದಂತೆ ಒಂದೇ ಲಯದಲ್ಲಿ ಟಕ್ ಟಕ್ ಸದ್ದು ಬಂದರೆ ಗಾಲಿಯ ಅಚ್ಚಿಗೆ ಹಾಕಿದ ಗಿಯರ್ ಬಿರುಕು ಬಿಟ್ಟಿರುವ ಸಂಭವ ಹೆಚ್ಚು. ಡಿಕೋಡರ್, ಅಂದರೆ ಹಳಿಯಿಂದ ಬರುವ ಡಿಜಿಟಲ್ ಆದೇಶ ಓದಿ ಮೋಟರ್ ನಡೆಸುವ ಪುಟ್ಟ ಸರ್ಕ್ಯೂಟ್, ಇದೆಯೇ ಎಂದೂ ಕೇಳಿ. ಡಿಕೋಡರ್ ಇಲ್ಲದ ಎಂಜಿನ್ನನ್ನು ಡಿಸಿಸಿ (ಡಿಜಿಟಲ್ ನಿಯಂತ್ರಣದ) ಹಳಿಯ ಮೇಲೆ ನಿಲ್ಲಿಸಿದರೆ ಮೋಟರ್ ಗುಂಯ್‌ಗುಡುತ್ತಾ ಬಿಸಿಯಾಗಿ ಸುಟ್ಟುಹೋಗಬಹುದು. ಎಚ್‌ಒ ಮತ್ತು 1:76ರ ಒಒ ಸ್ಕೇಲ್ ಎರಡೂ 16.5 ಮಿ.ಮೀ. ಅಗಲದ ಹಳಿಯ ಮೇಲೆ ಓಡಿದರೂ ಗಾತ್ರ ಬೇರೆ, ಆದ್ದರಿಂದ ಕಟ್ಟಡ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಸ್ಕೇಲ್ ಓದಿಕೊಳ್ಳಿ.

ಸಾಧ್ಯವಾದರೆ ಮುಚ್ಚುವವರೆಗೂ ಇರಿ. ಲೇಔಟ್‌ಗಳನ್ನು ಬಿಚ್ಚುವಾಗ ಕಾಲುಗಳು ಹೇಗೆ ಮಡಚುತ್ತವೆ, ತಂತಿಗಳ ಪ್ಲಗ್ಗು ಎಲ್ಲಿ ಕಳಚುತ್ತದೆ ಎಂಬುದೆಲ್ಲ ಆಗ ಕಣ್ಣಾರೆ ಸಿಗುತ್ತದೆ. ದಾರಿಗೆ ಅಡ್ಡ ನಿಲ್ಲದಿದ್ದರಾಯಿತು.