ಹಿನ್ನೀರಿನ ದಾರಿಗೆ ದೋಣಿ ಟ್ರೇಲರ್: ಮುರಿಯುವುದು ಎಲ್ಲಿ, ಯಾಕೆ

ಶರಾವತಿ ಹಿನ್ನೀರಿನ ಕಡೆಯಿಂದ ವೆಲ್ಡಿಂಗ್ ಶೆಡ್ಡಿಗೆ ರಿಪೇರಿಗೆ ಬರುವ ದೋಣಿ ಟ್ರೇಲರುಗಳಲ್ಲಿ ಬಿರುಕು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿರುತ್ತದೆ. ಮೂಕಿ (ಎಳೆಯುವ ಗಾಡಿಗೆ ಸಿಕ್ಕಿಸುವ ಮುಂದಿನ ದಂಡ) ಬಂದು ಮೊದಲ ಅಡ್ಡಪಟ್ಟಿಗೆ ಸೇರುವ ಕಡೆ, ವೆಲ್ಡಿನ ಅಂಚಿಗೆ ಅಂಟಿಕೊಂಡಂತೆ, ಕೂದಲೆಳೆಯಷ್ಟು ಸಣ್ಣ ಗೆರೆ. ಗೆರೆಯ ಬಾಯಲ್ಲಿ ಕಂದು ತುಕ್ಕಿನ ಪುಡಿ. "ಇನ್ನೂ ದಪ್ಪದ ಕಬ್ಬಿಣ ಹಾಕ್ಬೇಕಿತ್ತು ಮಾರಾಯ್ರೆ" ಎನ್ನುವುದು ಮಾಲೀಕರ ಮೊದಲ ಮಾತು. ದಪ್ಪ ಹಾಕಿದವರದ್ದೂ ಅಲ್ಲೇ ಬಿಟ್ಟಿರುತ್ತದೆ.

ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದು ದಡ ಎಲ್ಲೋ ಒಳಗೆ ಹೋಗಿರುತ್ತದೆ. ಡಾಂಬರು ಮುಗಿದ ಮೇಲೆ ಜಂಬಿಟ್ಟಿಗೆ ಕಲ್ಲಿನ ಜಾಡು, ಅದಾದ ಮೇಲೆ ಒಡೆದ ಕೆಸರು, ಮುಳುಗಡೆ ಕಾಲದ ಮರದ ಬುಡಗಳು. ಇಂಥ ಕಡೆ ಎಡಚಕ್ರ ಗುಂಡಿಗೆ ಇಳಿದಾಗ ಬಲಚಕ್ರ ಕಲ್ಲಿನ ಮೇಲಿರುತ್ತದೆ, ಮೂಕಿ ಮೂರನೆಯ ದಿಕ್ಕಿಗೆ ವಾಲಿರುತ್ತದೆ. ಫ್ರೇಮು ಪ್ರತಿ ಹತ್ತು ಅಡಿಗೊಮ್ಮೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಚೌಕ ಪೈಪಿನ ಫ್ರೇಮು ತಿರುಚಿಕೊಳ್ಳಲು ಒಪ್ಪುವುದಿಲ್ಲ, ಆ ಬಲವನ್ನೆಲ್ಲ ತಂದು ವೆಲ್ಡಿನ ಮೇಲೆ ಹಾಕುತ್ತದೆ. 75×40 ಎಂ.ಎಂ.ನ ಸಿ ಚಾನೆಲ್ (ಒಂದು ಬದಿ ತೆರೆದ, ಸಿ ಆಕಾರದ ಕಬ್ಬಿಣ) ಮೀಟರಿಗೆ ಸುಮಾರು 7 ಕೆ.ಜಿ. ಬರುತ್ತದೆ. ಅದೇ ತೂಕದ 80×40×4ರ ಪೈಪು ತಿರುಚುವಿಕೆಗೆ ಅದಕ್ಕಿಂತ ಮೂವತ್ತಕ್ಕೂ ಹೆಚ್ಚು ಪಟ್ಟು ಬಿಗಿ. ಲಾರಿ ಚಾಸಿಯನ್ನು ಇವತ್ತಿಗೂ ಸಿ ಚಾನೆಲ್‌ನಲ್ಲೇ ಮಾಡಿ, ಅಡ್ಡಪಟ್ಟಿಗಳಿಗೆ ರಿವಿಟ್ ಹೊಡೆಯುವುದಕ್ಕೆ ಕಾರಣ ಇದೇ. ಪೈಪಿಗೆ ಇನ್ನೊಂದು ರೋಗವೂ ಇದೆ: ಒಳಗೆ ಹೋದ ಕೆಸರುನೀರು ಹೊರಬರುವುದಿಲ್ಲ, ತುಕ್ಕು ಒಳಗಿನಿಂದ ತಿನ್ನುತ್ತದೆ. ಪೇಂಟ್ ಹೊಳೆಯುತ್ತಲೇ ಇರುತ್ತದೆ.

14 ಅಡಿಯ ಫೈಬರ್ ದೋಣಿಗೆ ನಾವು ಹಾಕುವುದು 75×40 ಚಾನೆಲ್‌ನ ಎರಡು ಉದ್ದಪಟ್ಟಿ. ಮುಂದೆ ಅವೇ ಬಾಗಿ ಬಂದು ಒಂದಕ್ಕೊಂದು ಕೂಡಿ ಮೂಕಿಯಾಗುತ್ತವೆ. ನಡುವೆ ಒಂಟಿ ಪೈಪಿನ ಮೂಕಿ ಬೇಡ. ಅಡ್ಡಪಟ್ಟಿ ನಾಲ್ಕು, ಅವುಗಳಲ್ಲಿ ನಡುವಿನ ಎರಡಕ್ಕೆ ವೆಲ್ಡ್ ಬದಲು 8.8 ಗ್ರೇಡಿನ 12 ಎಂ.ಎಂ. ಬೋಲ್ಟು, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವುದು). ವೆಲ್ಡ್ ಮಾಡುವ ಕಡೆ ಚಾನೆಲ್‌ನ ನಿಂತ ಬದಿಗೆ ಮಾತ್ರ ಹೊಡೆಯಬೇಕು. ಮೇಲಿನ, ಕೆಳಗಿನ ರೆಕ್ಕೆಗಳ ಮೇಲೆ ಅಡ್ಡಡ್ಡ ವೆಲ್ಡ್ ಎಳೆದರೆ ನಾವೇ ಬಿರುಕಿಗೆ ಗೆರೆ ಹಾಕಿಕೊಟ್ಟಂತೆ. ಬಲ ಬೇಕೆನಿಸಿದರೆ 6 ಎಂ.ಎಂ. ಪ್ಲೇಟನ್ನು ಶಂಕರಪೋಳಿ ಆಕಾರಕ್ಕೆ ಕತ್ತರಿಸಿ, ಉದ್ದದ ಚೂಪು ತುದಿಗಳು ಮೂಕಿಯ ಉದ್ದಕ್ಕೆ ಬರುವಂತೆ ಬದಿಗೆ ಕೂರಿಸಿ, ತುದಿಗಳನ್ನು ವೆಲ್ಡ್ ಮಾಡದೆ ಬಿಡಬೇಕು. ವೆಲ್ಡಿಂಗ್ ರಾಡ್ 7018 ನಂಬರಿನದಾದರೆ ಒಳ್ಳೆಯದು, ಆದರೆ ಅದು ತೇವ ಹೀರುತ್ತದೆ, ಮಳೆಗಾಲದಲ್ಲಿ ಪ್ಯಾಕೆಟ್ ಒಡೆದಿಟ್ಟ 7018ಕ್ಕಿಂತ ಒಣಗಿದ 6013 ವಾಸಿ. ಹಳೆ ಬಿರುಕನ್ನು ರಿಪೇರಿ ಮಾಡುವಾಗ ಮೊದಲು ಅದರ ಎರಡೂ ತುದಿಗೆ 6 ಎಂ.ಎಂ. ತೂತು ಕೊರೆಯಬೇಕು. ಇಲ್ಲವಾದರೆ ಹೊಸ ವೆಲ್ಡಿನ ಅಡಿಯಲ್ಲೇ ಅದು ಮುಂದಕ್ಕೆ ಓಡುತ್ತದೆ.

ಮೂಕಿಭಾರದ, ಅಂದರೆ ಹುಕ್ಕಿನ ಮೇಲೆ ಬೀಳುವ ತೂಕದ ಲೆಕ್ಕ ಎತ್ತಿನಗಾಡಿ ಹೂಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಹೇರು ಹಿಂದಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಮುಂದಾದರೆ ಹೆಗಲು ಕುಸಿಯುತ್ತದೆ. ಟ್ರೇಲರಿನಲ್ಲಿ ಒಟ್ಟು ತೂಕದ ನೂರಕ್ಕೆ 8 ಪಾಲು ಮೂಕಿಯ ತುದಿಯಲ್ಲಿರಲಿ. 5ಕ್ಕಿಂತ ಕೆಳಗಿಳಿದರೆ ಡಾಂಬರು ರಸ್ತೆಯಲ್ಲಿ ವೇಗ ಏರಿದಾಗ ಟ್ರೇಲರ್ ಹಾವಿನಂತೆ ಬಾಲ ಆಡಿಸುತ್ತದೆ. ಫೈಬರ್ ಒಡಲು 220 ಕೆ.ಜಿ., 25 ಎಚ್.ಪಿ. ಎಂಜಿನ್ ಸುಮಾರು 50, ಪೆಟ್ರೋಲ್ ಕ್ಯಾನು 20, ಲಂಗರು, ಬಲೆ, ಜಾಕೆಟ್ಟು 40, ಟ್ರೇಲರ್ 230. ಒಟ್ಟು 560. ಹುಕ್ಕಿನಿಂದ ಅಚ್ಚಿಗೆ 3.6 ಮೀಟರ್ ಇದ್ದರೆ, ಒಟ್ಟು ಭಾರದ ನಡು ಅಚ್ಚಿಗಿಂತ 29 ಸೆಂ.ಮೀ. ಮುಂದಿದ್ದಾಗ ಮೂಕಿಯಲ್ಲಿ 45 ಕೆ.ಜಿ. ಬರುತ್ತದೆ. ಕಾಗದದ ಲೆಕ್ಕವನ್ನು ನಂಬಿ ಕೂರಬೇಡಿ. ಹುಕ್ಕಿನ ಎತ್ತರಕ್ಕೆ ಸರಿಯಾದ ಮರದ ತುಂಡನ್ನು ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮೂಕಿಯನ್ನು ಅದರ ಮೇಲೆ ಇಳಿಸಿ ನೋಡಿ. ತೂಕ ಸರಿಯಾಗುವವರೆಗೆ ಅಚ್ಚನ್ನು ಹಿಂದೆ ಮುಂದೆ ಸರಿಸಬೇಕಾಗುತ್ತದೆ, ಹಾಗಾಗಿ ಸ್ಪ್ರಿಂಗ್ ಬ್ರಾಕೆಟ್ಟನ್ನು ಫ್ರೇಮಿಗೆ ಕೊನೆಗೇ ವೆಲ್ಡ್ ಮಾಡಬೇಕು. ಅಲ್ಲಿಯವರೆಗೆ ಕ್ಲಾಂಪು ಸಾಕು.

ಎಂಜಿನ್ ಎಲ್ಲಿರುತ್ತದೆ ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಕೆಟ್ಟ ದಾರಿ ಎಂದು ಎಂಜಿನ್ ಬಿಚ್ಚಿ ಜೀಪಿನಲ್ಲಿ ಹಾಕಿಕೊಂಡರೆ, ಅಚ್ಚಿಗಿಂತ ಒಂದೂವರೆ ಮೀಟರ್ ಹಿಂದಿದ್ದ 50 ಕೆ.ಜಿ. ಹೋಯಿತು; ಮೂಕಿಭಾರ 45ರಿಂದ 66ಕ್ಕೆ ಏರುತ್ತದೆ. ಬಿಚ್ಚದೆ ಒಯ್ಯುವುದಾದರೆ ಎಂಜಿನ್ನಿನ ಟಿಲ್ಟ್ ಲಾಕನ್ನು (ಎತ್ತಿದ ಎಂಜಿನ್ ಹಿಡಿದಿಡುವ ಕೊಂಡಿ) ನೆಚ್ಚಬಾರದು, ಅದು ಇರುವುದು ದಡದಲ್ಲಿ ನಿಲ್ಲಿಸಲು. ಟ್ರೇಲರಿನ ಹಿಂದಿನ ಅಡ್ಡಪಟ್ಟಿಯಿಂದ ಎಂಜಿನ್ನಿನ ಕಾಲಿಗೆ ಒಂದು ಊರೆ (ಆಸರೆ ದಂಡ) ಕೊಡಿ.

ಇನ್ನು ಹುಕ್ಕು. 50 ಎಂ.ಎಂ. ಬಾಲ್ ಕಪ್ಲಿಂಗ್ ರಸ್ತೆಗೆ ಸರಿ. ಜೀಪು ಒಂದು ಕಡೆಗೆ, ಟ್ರೇಲರ್ ಇನ್ನೊಂದು ಕಡೆಗೆ ವಾಲಿದಾಗ ಅದರ ಬಾಯಿ ಬಾಲ್‌ನ ಕುತ್ತಿಗೆಗೆ ತಾಗಿ ನಿಲ್ಲುತ್ತದೆ, ಅಲ್ಲಿಂದ ಮುಂದೆ ಬಾಗುವುದು ಮೂಕಿ. ಕಾಡುದಾರಿಗೆ ಸುತ್ತ ತಿರುಗುವ ರಿಂಗ್ ಹುಕ್ಕು ಬೇಕು: ರಿಂಗಿನ ದಂಡ ಬುಶ್‌ನಲ್ಲಿ ಕೂತು, ಹಿಂದೆ ಕಿರೀಟದ ನಟ್ಟು, ಸ್ಪ್ಲಿಟ್ ಪಿನ್, ಒಂದು ಗ್ರೀಸ್ ನಿಪ್ಪಲ್. ಗದ್ದೆಯ ಟ್ರ್ಯಾಕ್ಟರಿನ ಸಡಿಲ ಪಿನ್ನೂ ನಡೆಯುತ್ತದೆ, ಆದರೆ ಬ್ರೇಕ್ ಹಿಡಿದಾಗಲೆಲ್ಲ ದಡಕ್ಕನೆ ಗುದ್ದುತ್ತದೆ. ಯಾವುದಾದರೂ ಸರಿ, ಅಡಿಯಲ್ಲಿ ಎರಡು ಸರಪಳಿ ಕತ್ತರಿ ಹಾಕಿದಂತೆ ಇರಲೇಬೇಕು. ಹುಕ್ಕು ಕಳಚಿದರೆ ಮೂಕಿ ನೆಲಕ್ಕೆ ಚುಚ್ಚಿಕೊಳ್ಳದೆ, ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ.

ಕಮಾನ್ ಪ್ಲೇಟಿನಲ್ಲಿ (ಒಂದರ ಮೇಲೊಂದು ಪಟ್ಟಿಯ ಸ್ಪ್ರಿಂಗ್) ಎಲ್ಲರೂ ಮಾಡುವ ತಪ್ಪು ಒಂದೇ: ಗುಜರಿಯಲ್ಲಿ ಸಿಕ್ಕಿತೆಂದು ಸಣ್ಣ ಗೂಡ್ಸ್ ಗಾಡಿಯ ಪೂರ್ತಿ ಸೆಟ್ಟು ಕೂರಿಸುವುದು. ಈ ಟ್ರೇಲರಿನಲ್ಲಿ ಒಂದೊಂದು ಸ್ಪ್ರಿಂಗಿನ ಮೇಲೆ ಬರುವುದು ಇನ್ನೂರು ಚಿಲ್ಲರೆ ಕೆ.ಜಿ. ಅಷ್ಟೆ. ದೋಣಿ ಹೇರಿದಾಗ ಸ್ಪ್ರಿಂಗ್ 40ರಿಂದ 50 ಎಂ.ಎಂ. ಇಳಿಯಬೇಕು. 20 ಕೂಡ ಇಳಿಯದಿದ್ದರೆ ಟ್ರೇಲರ್ ಕಪ್ಪೆಯಂತೆ ಹಾರುತ್ತದೆ, ಹಾರಿದ ಪೆಟ್ಟೆಲ್ಲ ಫೈಬರ್ ತಳಕ್ಕೆ. ಕೆಳಗಿನ ಪ್ಲೇಟುಗಳನ್ನು ಒಂದೊಂದಾಗಿ ತೆಗೆದು ನೋಡಿ. ಮೇಲಿನ ಎರಡನ್ನು ಮುಟ್ಟಬೇಡಿ. ಅಚ್ಚಿಗೆ 45 ಎಂ.ಎಂ. ಚೌಕದ ಗಟ್ಟಿ ಸರಳು. ಚಕ್ರ ಎಳೆಯುವ ಗಾಡಿಯದ್ದೇ ಆಗಿರಲಿ, ಬೊಲೆರೊ ಆದರೆ 215/75 ಆರ್15, ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರವೂ ಎರಡರಲ್ಲಿ ಒಂದೇ ಇರಲಿ, ಆಗ ಟ್ರೇಲರ್ ಜೀಪಿನ ಜಾಡಿನಲ್ಲೇ ಬರುತ್ತದೆ, ಹೊಸ ಜಾಡು ಅಗೆಯುವುದಿಲ್ಲ. ಹುಕ್ಕಿನಿಂದ ಅಚ್ಚಿನ ಎರಡೂ ತುದಿಗೆ ಅಳತೆ ಹಿಡಿದರೆ ವ್ಯತ್ಯಾಸ 3 ಎಂ.ಎಂ. ದಾಟಬಾರದು.

ಕಲ್ಲು ತಾಗದಿರಲಿ ಎಂದು ಟ್ರೇಲರನ್ನು ಎತ್ತರಿಸುವ ಆಸೆ ಸಹಜ. ಆದರೆ ಹಿನ್ನೀರಿನ ದಡ ಬಲು ಸಪಾಟು. 12 ಅಡಿಗೆ 1 ಅಡಿ ಇಳಿಜಾರಿನಲ್ಲಿ 10 ಸೆಂ.ಮೀ. ಎತ್ತರಿಸಿದರೆ ದೋಣಿ ತೇಲಲು 1.2 ಮೀಟರ್ ಹೆಚ್ಚು ಹಿಂದೆ ಹೋಗಬೇಕು, ಅಷ್ಟರಲ್ಲಿ ಜೀಪಿನ ಹಿಂಚಕ್ರ ಕೆಸರಿನಲ್ಲಿ. ಅಚ್ಚನ್ನು ಸ್ಪ್ರಿಂಗಿನ ಅಡಿಗೆ ಕೊಟ್ಟು ಅಲ್ಲಿಗೆ ನಿಲ್ಲಿಸಿ, ಉಳಿದದ್ದಕ್ಕೆ 3 ಮೀಟರಿನ ಪಿನ್ ಹಾಕುವ ಹೆಚ್ಚುವರಿ ಮೂಕಿ ಇಟ್ಟುಕೊಳ್ಳುವುದು ಜಾಣತನ.

ದೋಣಿ ಕೂರುವ ಹಲಗೆ 100×50 ಎಂ.ಎಂ.ನ ಮರ. ರೋಲರ್ ಬೇಡ, ಕುಲುಕಾಟದಲ್ಲಿ ಅದು ಒಂದೇ ಚುಕ್ಕೆಯ ಮೇಲೆ ಗುದ್ದಿ ಫೈಬರಿನಲ್ಲಿ ನಕ್ಷತ್ರದಂತೆ ಬಿರುಕು ತರುತ್ತದೆ. ಹಲಗೆ ದೋಣಿಯ ಒಳಗಿನ ಉದ್ದ ತೊಲೆಗಳ ನೇರಕ್ಕೆ ಬರಬೇಕು, ಹಿಂದೆ, ದೋಣಿಯಲ್ಲಿ ಎಂಜಿನ್ ಕೂರಿಸುವ ಹಲಗೆಯ ಅಂಚಿನವರೆಗೂ ಹೋಗಬೇಕು. ಒಂದು ಅಡಿ ಮೊಟಕಾದರೂ ಎಂಜಿನ್ ಭಾರಕ್ಕೆ ತಳ ಜೋತು ಬೀಳುತ್ತದೆ, ಆಮೇಲೆ ದೋಣಿ ನೀರಿನಲ್ಲಿ ಮೂಗು ತಗ್ಗಿಸಿ ಓಡುತ್ತದೆ. ಹೊದಿಕೆಗೆ ಹಳೆ ಕನ್ವೇಯರ್ ಬೆಲ್ಟು ಸಿಗುತ್ತದೆ, ಹಿಡಿತ ಜಾಸ್ತಿ, ಇಳಿಸುವಾಗ ಒದ್ದಾಟ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪಟ್ಟಿ ನುಣುಪು, ಆದ್ದರಿಂದ ಹಿಂಬದಿ ನೀರು ಮುಟ್ಟುವ ಮೊದಲು ವಿಂಚಿನ (ದೋಣಿ ಎಳೆದು ಸುತ್ತುವ ಕೈರಾಟೆ) ಪಟ್ಟಿ ಬಿಚ್ಚಕೂಡದು. ಬಿಚ್ಚಿದರೆ ದೋಣಿ ಜಾರಿ ಕಲ್ಲಿನ ಮೇಲೆ ಕೂರುತ್ತದೆ. ಸ್ಟೀಲ್ ಸ್ಕ್ರೂ ತಲೆಗಳು ಹೊದಿಕೆಯಿಂದ 10 ಎಂ.ಎಂ. ಒಳಗಿರಲಿ. ಮೂತಿಗೆ ವಿಂಚ್ ಪಟ್ಟಿ, ಹಿಂದೆ ಎರಡು ಮೂಲೆಗೆ 50 ಎಂ.ಎಂ. ರಾಚೆಟ್ ಪಟ್ಟಿ. ಒಂದು ಕಿಲೋಮೀಟರ್ ಹೋಗಿ ಮತ್ತೆ ಬಿಗಿಯಿರಿ.

ಬೇರಿಂಗ್ ಕೆಡುವುದು ದಾರಿಯಲ್ಲಿ, ಆದರೆ ಅದಕ್ಕೆ ಕಾರಣ ನಡೆಯುವುದು ನೀರಿನ ಅಂಚಿನಲ್ಲಿ. ಓಡಿ ಕಾದ ಹಬ್ಬು (ಬೇರಿಂಗ್ ಇರುವ ಚಕ್ರದ ನಡುಭಾಗ) ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ದಡದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ, ಹಬ್ಬಿಗೆ ಅಂಗೈ ಇಟ್ಟು ನೋಡಿ, ಆರಿದ ಮೇಲೆ ಇಳಿಸಿ. ಕ್ಯಾಪ್ ತೆಗೆದಾಗ ಗ್ರೀಸ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಮೇಲಿಂದ ಹೊಸ ಗ್ರೀಸ್ ತುಂಬಿದರೆ ಉಪಯೋಗವಿಲ್ಲ, ಪೂರ್ತಿ ಬಿಚ್ಚಿ ತೊಳೆದು, ಸೀಲ್ ಬದಲಿಸಿ, ಮರೈನ್ ಗ್ರೀಸನ್ನು ರೋಲರುಗಳ ನಡುವೆ ಅಂಗೈಯಿಂದ ಒತ್ತಿ ತುಂಬಬೇಕು. ನಟ್ಟು ಬಿಗಿಯುವಾಗ ಚಕ್ರ ತಿರುಗಿಸುತ್ತಲೇ ಬಿಗಿದು, ಒಂದು ಖಾಂಚೆ ಹಿಂದೆ ತಿರುಗಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ.

ಬಣ್ಣಕ್ಕೆ ಜಿಂಕ್ ಪ್ರೈಮರ್, ಮೇಲೆ ಎಪಾಕ್ಸಿ ಸಾಕು, ಇಲ್ಲಿನದು ಸಿಹಿನೀರು. ಹೊನ್ನಾವರದ ಕಡೆ ಉಪ್ಪುನೀರಿಗೆ ಇಳಿಸುವುದಿದ್ದರೆ ಎಲ್ಲ ವೆಲ್ಡು, ತೂತು ಮುಗಿದ ಮೇಲೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿಸಿ. ಹಿಂದಿನ ಎಲ್‌ಇಡಿ ದೀಪಗಳನ್ನು ಕಳಚುವ ಹಲಗೆಯ ಮೇಲೆ ಕೂರಿಸಿ, ಅರ್ತಿಂಗಿಗೆ ಫ್ರೇಮನ್ನು ನಂಬದೆ ಬೇರೆ ವೈರ್ ಎಳೆಯಿರಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರೂ ವಾಹನವೇ, ನೋಂದಣಿ ಇಲ್ಲದೆ ಡಾಂಬರು ರಸ್ತೆಗೆ ತರುವಂತಿಲ್ಲ. ಕಬ್ಬಿಣ ಕತ್ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಮೊದಲ 20 ಕಿ.ಮೀ. ಆದ ಮೇಲೆ ಚಕ್ರದ ನಟ್ಟು, ಅಚ್ಚನ್ನು ಸ್ಪ್ರಿಂಗಿಗೆ ಹಿಡಿದಿಡುವ ಯು ಬೋಲ್ಟು ಎರಡನ್ನೂ ಮತ್ತೆ ಬಿಗಿಯಬೇಕು. ಯು ಬೋಲ್ಟಿನ ಅಡಿಯಲ್ಲಿ ಪೇಂಟ್ ಇದ್ದರೆ ಅದು ಪುಡಿಯಾಗಿ ಉದುರಿ, ಬೋಲ್ಟು ಅರ್ಧ ಸುತ್ತು ಸಡಿಲವಾಗಿರುತ್ತದೆ.