ಬರೀ ಬಿಪಿ ಪಟ್ಟಿ ಕಟ್ಟಿದ್ರೆ ಆಗುತ್ತಾ?

ಇಂಗ್ಲೆಂಡಿನ ಒಂದು ಆಸ್ಪತ್ರೆಯ ಸ್ಟ್ರೋಕ್ ವಾರ್ಡಿನಲ್ಲಿ ನಾನು ರಿಸರ್ಚ್ ನರ್ಸ್. ಹೊಸ ಚಿಕಿತ್ಸೆಯ ಪರೀಕ್ಷೆ ನಡೆಯುವಾಗ ರೋಗಿಗೂ ಮನೆಯವರಿಗೂ ವಿವರಿಸಿ, ಒಪ್ಪಿದರೆ ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಆವತ್ತು ಬಂದವರಿಗೆ ಎಪ್ಪತ್ತು ದಾಟಿತ್ತು. ಬಲಗೈ, ಬಲಗಾಲು ಸೋತಿದ್ದವು. ಮಾತು ತೊದಲುತ್ತಿತ್ತು.

ಯಂತ್ರ ನೋಡಿ ಅವರ ಹೆಂಡತಿ, "ಇದು ಬಿಪಿ ನೋಡೋದಲ್ವಾ?" ಎಂದರು. ಹೆಚ್ಚುಕಮ್ಮಿ ಅದೇ. ಸರಿಯಾಗಿರುವ ತೋಳಿಗೆ ಪಟ್ಟಿ ಕಟ್ಟಿ, ರಕ್ತ ಹರಿಯದ ಹಾಗೆ ಐದು ನಿಮಿಷ ಬಿಗಿಯುವುದು, ಐದು ನಿಮಿಷ ಸಡಿಲ ಬಿಡುವುದು. ಹೀಗೆ ನಾಲ್ಕು ಸುತ್ತು. ತೋಳಿಗೆ ಸ್ವಲ್ಪ ಹೊತ್ತು ರಕ್ತ ತಪ್ಪಿದರೆ ನರಗಳ ಮೂಲಕ, ರಕ್ತದ ಮೂಲಕ ದೇಹಕ್ಕೆಲ್ಲ ಸುದ್ದಿ ಹೋಗುತ್ತದೆ. ಅದರಿಂದ ಮಿದುಳಿಗೂ ರಕ್ಷಣೆ ಸಿಗಬಹುದು ಎಂಬ ಲೆಕ್ಕ. ಇದರ ಬೇರು 1986ರಲ್ಲಿದೆ. ಅಮೆರಿಕದಲ್ಲಿ ನಾಯಿಗಳ ಹೃದಯದ ರಕ್ತನಾಳವನ್ನು ಮೊದಲೇ ನಾಲ್ಕು ಸಲ ಐದೈದು ನಿಮಿಷ ಮುಚ್ಚಿ ತೆರೆದರು. ಆಮೇಲೆ ನಲವತ್ತು ನಿಮಿಷ ಮುಚ್ಚಿದಾಗ ಆದ ಹಾನಿ ಕಾಲು ಭಾಗಕ್ಕೆ ಇಳಿದಿತ್ತು.

ತರಬೇತಿಯಲ್ಲಿ ನಾನೂ ಕಟ್ಟಿಸಿಕೊಂಡಿದ್ದೆ. ಮೊದಲು ಜೋಮು, ಆಮೇಲೆ ಬೆರಳು ನೀಲಿ, ಮೂರನೇ ನಿಮಿಷಕ್ಕೆ ಸಾಕಪ್ಪಾ ಅನ್ನಿಸಿತ್ತು. ಬಿಟ್ಟಾಗ ಬಿಸಿ ನುಗ್ಗುತ್ತದಲ್ಲ, ಅದೇ ಜಾಸ್ತಿ ಕಾಟ.

"ಗ್ಯಾರಂಟಿ ಇದೆಯಾ?" ಎಂದು ಆಕೆ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. 2022ರಲ್ಲಿ ಬಂದ ಚೀನಾದ ದೊಡ್ಡ ಪರೀಕ್ಷೆಯಲ್ಲಿ ಪಟ್ಟಿ ಕಟ್ಟಿಸಿಕೊಂಡವರಲ್ಲಿ ಶೇ. 67ರಷ್ಟು ಮಂದಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸಿಕೊಂಡಿದ್ದರು. ಕಟ್ಟದವರಲ್ಲಿ ಶೇ. 62. ಮರುವರ್ಷ ಡೆನ್ಮಾರ್ಕಿನವರು ಆಂಬುಲೆನ್ಸಿನಲ್ಲೇ ಶುರುಮಾಡಿ ನೋಡಿದರು; ಏನೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಇನ್ನೂ ಪರೀಕ್ಷೆ.

ಇನ್ನೊಂದು ಮಾತು ಹೇಳುವುದೇ ಕಷ್ಟ. ಅರ್ಧ ಜನಕ್ಕೆ ಪಟ್ಟಿ ಸುಮ್ನೆ ಮೆತ್ತಗೆ ಬಿಗಿಯುತ್ತದೆ, ತೋರಿಕೆಗೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಮೂರು ತಿಂಗಳ ಮೇಲೆ ಫೋನ್ ಮಾಡಿ ವಿಚಾರಿಸುವವರಿಗೂ ಅದು ಗೊತ್ತಿರುವುದಿಲ್ಲ. ಪಟ್ಟಿ ಕಟ್ಟುವ ನನಗೆ ಗೊತ್ತಿರುತ್ತದೆ, ಹೇಳುವ ಹಾಗಿಲ್ಲ. ಆಕೆ ಪೂರ್ತಿ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗಡಿಯಾರ ನೋಡುತ್ತಾ ಹವಾಮಾನದ ಮಾತಾಡಿದೆ. ಈ ದೇಶದಲ್ಲಿ ಅದೊಂದು ಅನುಕೂಲ. ಅವರಿಗೆ ಬಂದದ್ದು ಯಾವುದು ಎಂದು ಇಲ್ಲೂ ಬರೆಯುವುದಿಲ್ಲ.

ರಾತ್ರಿ ಫೋನಿನಲ್ಲಿ ತೀರ್ಥಹಳ್ಳಿಯ ಅಮ್ಮನಿಗೆ ಹೇಳಿದೆ. ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚಿದ್ದನ್ನು ಕಂಡವಳು ಅವಳು. "ಬರೀ ಬಿಪಿ ಪಟ್ಟಿ ಕಟ್ಟಿದ್ರೆ ಆಗುತ್ತಾ? ದೊಡ್ಡಪ್ಪನ ಮನೇಲಿ ಮಿಷನ್ ಇದೆಯಲ್ಲೇ" ಎಂದಳು.

"ಅಮ್ಮಾ, ಮನೇಲಿ ಯಾರೂ ಕಟ್ಟೋ ಹಾಗಿಲ್ಲ. ಬಾಯಿ ಸೊಟ್ಟ ಆಯ್ತು, ಕೈ ಬಿತ್ತು, ಮಾತು ತೊದಲಿತು ಅಂದ್ರೆ ಕಾಯಬೇಡಿ. ಸ್ಕ್ಯಾನ್ ಆಗಿ, ಹೆಪ್ಪು ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು."

"ಶಿವಮೊಗ್ಗಕ್ಕೇ ಹೋಗ್ಬೇಕಲ್ಲೇ. ನಡುರಾತ್ರಿ ಆದ್ರೆ?"

"108ಕ್ಕೆ ಫೋನ್ ಮಾಡು. ಶುರುವಾದ ಹೊತ್ತು ಬರೆದಿಟ್ಕೋ."

"ತಡಿ," ಎಂದು ಪೆನ್ನು ಹುಡುಕಲು ಹೋದಳು.